ಪದಕದ ರಿಬ್ಬನ್‌ಗೆ ವಯಸ್ಸೆಷ್ಟು?

ಪದಕದ ವಯಸ್ಸು ಬೇರೆ, ಅದನ್ನು ಹೊತ್ತ ರಿಬ್ಬನ್‌ನ ವಯಸ್ಸು ಬೇರೆ. ಸಂಗ್ರಹಕ್ಕೆ ಹೊಸದಾಗಿ ಇಳಿದವರು ಮೊದಲು ಎಡವುವುದೇ ಇಲ್ಲಿ. ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಅನ್ನೇ ತೆಗೆದುಕೊಳ್ಳಿ. 1914ರಲ್ಲೇ ಈಜಿಪ್ಟ್ ಸೇರಿ, 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಕಾಳಗದಲ್ಲಿ ಪಾಲ್ಗೊಂಡ ಆ ಪಡೆಯ ಸವಾರನೊಬ್ಬನ ಪದಕಗಳು ಕೈಗೆ ಬಂದರೆ, ಲೋಹದ ಮೇಲೆ ಅವನ ಹೆಸರು, ದಳ ಅಚ್ಚಾಗಿರುತ್ತವೆ. ರಿಬ್ಬನ್ ಮೇಲೆ ಏನೂ ಇರುವುದಿಲ್ಲ. ಬೆವರಿಗೆ, ಬಿಸಿಲಿಗೆ ರಿಬ್ಬನ್ ಹಾಳಾದರೆ ಹೊಸದನ್ನು ಹಾಕಿಸಿಕೊಳ್ಳುವುದು ಸೈನಿಕರಲ್ಲಿ ಮಾಮೂಲು. ಹಾಗಾಗಿ ರಿಬ್ಬನ್ ಹೊಸದೆಂಬ ಕಾರಣಕ್ಕೆ ಪದಕ ನಕಲಿಯಾಗದು. ಹಳೇ ರಿಬ್ಬನ್ ತೂಗಿಬಿಟ್ಟ ಮಾತ್ರಕ್ಕೆ ನಕಲಿ ಪದಕ ಅಸಲಿಯೂ ಆಗದು.

ರಿಬ್ಬನ್ ಇಂಥ ವರ್ಷದ್ದೇ ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ‘ಇದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ’ ಎಂದಷ್ಟೇ ಹೇಳುತ್ತದೆ. ಅಂಥ ನಾಲ್ಕೈದು ಉತ್ತರಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದನ್ನೇ ನಂಬಬೇಕು.

ಮೊದಲು ವಿನ್ಯಾಸ. ಕೆಲವು ರಿಬ್ಬನ್‌ಗಳಲ್ಲಿ ಅದೊಂದೇ ಸಾಕು. ಬ್ರಿಟನ್ನಿನ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ 1918ರ ಜೂನ್‌ನಲ್ಲಿ ಬಂದಾಗ ರಿಬ್ಬನ್ ಪಟ್ಟೆಗಳು ಅಡ್ಡಡ್ಡ ಇದ್ದವು. 1919ರ ಜುಲೈನಲ್ಲಿ ಅವನ್ನು 45 ಡಿಗ್ರಿ ಓರೆಯಾಗಿಸಿದರು. ವಿಕ್ಟೋರಿಯಾ ಕ್ರಾಸ್‌ನಲ್ಲಿ ನೌಕಾಪಡೆಗೆ ನೀಲಿ, ಭೂಸೇನೆಗೆ ಕಡುಗೆಂಪು ಎಂದಿದ್ದ ಭೇದ 1918ರಲ್ಲಿ ಹೋಗಿ ಎಲ್ಲರಿಗೂ ಕಡುಗೆಂಪಾಯಿತು. ನಮ್ಮ ಅಶೋಕ ಚಕ್ರದ ಸರಣಿಯಲ್ಲಿ ಮಾತ್ರ ಈ ದಾರಿ ಮುಚ್ಚಿದೆ. 1967ರಲ್ಲಿ ಎರಡನೇ ಮತ್ತು ಮೂರನೇ ದರ್ಜೆಗಳ ಹೆಸರು ಕೀರ್ತಿ ಚಕ್ರ, ಶೌರ್ಯ ಚಕ್ರ ಎಂದಾಯಿತೇ ಹೊರತು, ಹಸಿರಿನ ಮೇಲಿನ ಕಿತ್ತಳೆ ಗೆರೆಗಳು ಹಾಗೇ ಉಳಿದವು.

ಆಮೇಲೆ ನೂಲು. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಇಟ್ಟು ನೋಡಿದರೆ, ಉದ್ದುದ್ದ ಪಟ್ಟೆಗಳ ಬಣ್ಣವೆಲ್ಲ ಉದ್ದಕ್ಕೆ ಓಡುವ ಹಾಸುನೂಲಿನದು, ಅಡ್ಡಕ್ಕೆ ಓಡುವ ಹೊಕ್ಕುನೂಲು ಅಡ್ಡಡ್ಡ ಉಬ್ಬಿದ ಏಣುಗಳ ಒಳಗೆ ಅಡಗಿದೆ ಎಂಬುದು ಕಾಣುತ್ತದೆ. ಹಿಂಬದಿಯಲ್ಲಿ ಮಡಚಿದ ಕತ್ತರಿ ಅಂಚಿನಿಂದ ಎರಡೂ ಬಗೆಯ ಎಳೆಗಳನ್ನು ಅರ್ಧ ಸೆಂಟಿಮೀಟರಿನಷ್ಟು ಎಳೆದುಕೊಂಡು, ಚಿಮಟದಲ್ಲಿ ಹಿಡಿದು, ಬೇರೆಬೇರೆಯಾಗಿ ಸುಡಬೇಕು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ತಾನೇ ಆರುತ್ತದೆ, ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ, ರೇಯಾನ್‌ಗಳದು ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹಾಸು ರೇಷ್ಮೆ, ಹೊಕ್ಕು ಹತ್ತಿ ಇರುವ ಹಳೇ ರಿಬ್ಬನ್‌ಗಳೂ ಇರುವುದರಿಂದ ಒಂದೇ ಎಳೆ ಸುಟ್ಟು ತೀರ್ಪು ಕೊಡಬಾರದು. ಪಾಲಿಯೆಸ್ಟರ್‌ಗೆ ಪೇಟೆಂಟ್ ಸಿಕ್ಕಿದ್ದು 1941ರಲ್ಲಿ, ಬಟ್ಟೆಯಾಗಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ. 1945ರ ಬರ್ಮಾ ಸ್ಟಾರ್‌ನ ರಿಬ್ಬನ್ ಗುಂಡುಗಟ್ಟಿದರೆ ಅದು ನಂತರ ಹಾಕಿದ್ದು ಎಂದೇ ಲೆಕ್ಕ.

ಸುಡಲು ಮನಸ್ಸಿಲ್ಲದಿದ್ದರೆ ರಿಬ್ಬನ್ನಿನ ಉದ್ದದ ಅಂಚು ನೋಡಿ. ನನಗೆ ಎಲ್ಲಕ್ಕಿಂತ ಮೆಚ್ಚಿನ ಪರೀಕ್ಷೆ ಇದೇ, ಏಕೆಂದರೆ ಮೋಸ ಮಾಡುವವರ ಗಮನ ಅಲ್ಲಿಗೆ ಹೋಗುವುದು ಕಡಿಮೆ. ಲಾಳಿ ಓಡುವ ಮಗ್ಗದಲ್ಲಿ ಹೊಕ್ಕುನೂಲು ಎರಡೂ ಬದಿಯಲ್ಲಿ ತಿರುಗಿ ಬರುತ್ತದೆ, ಹಾಗಾಗಿ ಎರಡು ಅಂಚೂ ಒಂದೇ ತೆರ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಹರಡಿದ ಸೂಜಿಮಗ್ಗದಲ್ಲಿ ಲಾಳಿ ಇಲ್ಲ. ಸೂಜಿ ಹೊಕ್ಕುನೂಲನ್ನು ಜೋಡಿಯಾಗಿ ಒಂದೇ ಬದಿಯಿಂದ ತಂದು, ಆಚೆ ಬದಿಯಲ್ಲಿ ಹೆಣೆದು ಕಟ್ಟುತ್ತದೆ. ಲೂಪ್‌ನಲ್ಲಿ ಒಂದಂಚು ನಯವಾಗಿಯೂ ಇನ್ನೊಂದಂಚು ಕ್ರೋಶಾ ಹಾಕಿದ ಸರಪಳಿಯಂತೆಯೂ ಕಂಡರೆ ಆ ರಿಬ್ಬನ್ ಮೊದಲನೇ ಮಹಾಯುದ್ಧ ಕಂಡದ್ದಲ್ಲ. ಎರಡು ಅಂಚೂ ಒಂದೇ ತೆರ ಇದ್ದರೆ ಹಳೆಯದೇ ಎಂದು ತಿರುಗಿಸಿ ಹೇಳಲು ಬರುವುದಿಲ್ಲ: ಲಾಳಿಮಗ್ಗಗಳು ಇಂದಿಗೂ ನೇಯುತ್ತಿವೆ.

365 ನ್ಯಾನೋಮೀಟರಿನ ಯುವಿ (ನೇರಳಾತೀತ ಬೆಳಕಿನ) ಟಾರ್ಚ್‌ಗೆ ಸಂಗ್ರಾಹಕರು ಕೊಡುವ ಮಹತ್ವ ತುಸು ಹೆಚ್ಚೇ ಆಯಿತು. ಎರಡನೇ ಮಹಾಯುದ್ಧದ ನಂತರ ನೂಲಿಗೂ ಸೋಪಿನಪುಡಿಗೂ ಸೇರಿಕೊಂಡ ಬಿಳುಪುಕಾರಕಗಳು ಕತ್ತಲಲ್ಲಿ ಆ ಬೆಳಕು ಬಿದ್ದರೆ ನೀಲಿಬಿಳಿಯಾಗಿ ಹೊಳೆಯುತ್ತವೆ, ನಿಜ. ಆದರೆ 1915ರ ರಿಬ್ಬನ್ನನ್ನು ಮೊಮ್ಮಗಳು 1980ರಲ್ಲಿ ಸೋಪಿನಪುಡಿ ಹಾಕಿ ತೊಳೆದಿದ್ದರೆ ಅದೂ ಹೊಳೆಯುತ್ತದೆ. ಬಣ್ಣವಿಲ್ಲದ ರೇಷ್ಮೆಗೂ ಮಂದ ನೀಲಿ ಹೊಳಪಿದೆ. ಹೊಲಿಗೆ ದಾರ ಮಾತ್ರ ಹೊಳೆದು ರಿಬ್ಬನ್ ಕಪ್ಪಾಗೇ ಉಳಿದರೆ, ಯಾರೋ ಬಿಚ್ಚಿ ಮತ್ತೆ ಹೊಲಿದಿರುವ ಸಾಧ್ಯತೆ ಹೆಚ್ಚು.

ಬಳಕೆಯ ಗುರುತು ಹಿಡಿಯಲು ಮಡಿಕೆ ಬಿಚ್ಚಬೇಕು. ಬೆಳಕು ತಾಗಿದ ಮುಖ ಮಾಸಿ, ಒಳಮಡಿಕೆ ಗಾಢವಾಗಿದ್ದು, ಪದಕವನ್ನು ತೂಗುಹಾಕಿದ ಲೋಹದ ಬಳೆ ಉಜ್ಜಿದ ಕಡೆ ಏಣು ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಸಹಜವಾಗಿ ಹಳತಾದದ್ದು. ಚಹಾದಲ್ಲಿ ಅದ್ದಿ ಹಳತು ಮಾಡಿದ್ದರಲ್ಲಿ ಕಂದು ಒಳಗೂ ಹೊರಗೂ ಒಂದೇ ಸಮ. 1914-15ರ ಸ್ಟಾರ್‌ನ ಕೆಂಪು-ಬಿಳಿ-ನೀಲಿ ರಿಬ್ಬನ್‌ನಲ್ಲಿ ಇನ್ನೂ ಒಂದು ಸುಳಿವು ಸಿಗುತ್ತದೆ. ಅದರ ಮೇಲಿನ ನೀರಿನಲೆಯಂಥ ಮಿನುಗು ಬಣ್ಣದ್ದಲ್ಲ. ಏಣುಗಳನ್ನು ಒತ್ತಿ ಅಲ್ಲಲ್ಲಿ ಚಪ್ಪಟೆ ಮಾಡಿದ್ದರಿಂದ ಬಂದದ್ದು. ನೆನೆಸಿದರೆ ಏಣುಗಳು ಮತ್ತೆ ಉಬ್ಬಿ ಅಲೆ ಮಾಯವಾಗುತ್ತದೆ. ಆ ರಿಬ್ಬನ್ ಅಲೆ ಕಳೆದುಕೊಂಡು ಒಂದೇ ಸಮ ಕಂದಾಗಿದ್ದರೆ ಬೆಲೆ ಕೇಳುವ ಮುಂಚೆ ಯೋಚಿಸಿ.

ಮಡಿಕೆಯ ಗುಂಟ ಸೀಳಿ ಉದುರುವ ರೇಷ್ಮೆ ಕಂಡರೆ ಬಿಚ್ಚಲೇಬೇಡಿ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ರೇಷ್ಮೆಯ ತೂಕ ಹೆಚ್ಚಿಸಲು ತವರದ ಲವಣ ಕುಡಿಸುತ್ತಿದ್ದರು. ಅದೇ ಲವಣ ಕಾಲಕ್ರಮದಲ್ಲಿ ಎಳೆಯನ್ನು ತಿನ್ನುತ್ತದೆ, ಸರಿಪಡಿಸುವ ದಾರಿಯಿಲ್ಲ. ಅಂಥದ್ದನ್ನು ಆಮ್ಲರಹಿತ ಟಿಶ್ಯೂ ಕಾಗದದ ಮೇಲೆ ಮಡಚದೆ ಚಪ್ಪಟೆಯಾಗಿಡಿ. ಉಳಿದವಕ್ಕೂ ಪಿವಿಸಿ ಕವರ್ ಬೇಡ, ಅದರಿಂದ ಒಸರುವ ಅಂಟು ಬಣ್ಣ ಎಬ್ಬಿಸುತ್ತದೆ, ಪಾಲಿಪ್ರೊಪಿಲೀನ್ ಆಗಬಹುದು. ಬೆಳಕು 50 ಲಕ್ಸ್ ಮೀರದಿರಲಿ. ಹೊರದೇಶದ ಗೆಳೆಯರಿಗೆ ಮಾರುವ, ಕಳಿಸುವ ಯೋಚನೆಯಿದ್ದರೆ 1972ರ ಪುರಾತನ ವಸ್ತುಗಳ ಕಾಯಿದೆ ನೆನಪಿರಲಿ: ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ, ಮೊದಲನೇ ಮಹಾಯುದ್ಧದ ಪದಕಗಳು ಈಗ ಆ ಗಡಿ ದಾಟಿವೆ.