ಮೊಲದ ಕೊಂಬಿನ ತಕರಾರು ಪುಣೆಗೆ ಬಂದದ್ದು ಹೇಗೆ?

ಮುಂಬೈ, ಪುಣೆಯ ಕನ್ನಡ ಸಭೆಗಳಲ್ಲಿ ಒಂದು ಮಾತಿಗೆ ಚಪ್ಪಾಳೆ ಗ್ಯಾರಂಟಿ: ‘ತರ್ಕ ಪಶ್ಚಿಮದವರದು, ನಮ್ಮದು ಅನುಭವ.’ ಕೇಳಲು ಚೆನ್ನಾಗಿದೆ. ಆದರೆ ಈ ಹಂಚಿಕೆ ಅಷ್ಟೇನೂ ಹಳೆಯದಲ್ಲ.

ಹಳೆಯದು ಜಗಳ. ‘ಮೊಲದ ಕೊಂಬು ಇಲ್ಲ’ ಅನ್ನುತ್ತೇವಲ್ಲ, ಇಲ್ಲದ ವಸ್ತುವಿನ ಬಗ್ಗೆ ಮಾತಾಡಿದ್ದು ಹೇಗೆ? ನೈಯಾಯಿಕರು, ಅಂದರೆ ‘ನ್ಯಾಯ’ ಎಂಬ ನಮ್ಮ ಹಳೆಯ ತರ್ಕಶಾಸ್ತ್ರದವರು, ಮಾತನ್ನು ಬಿಡಿಸಿದರು: ಮೊಲ ಇದೆ, ಕೊಂಬು ದನದ ತಲೆಯಲ್ಲಿದೆ, ಮೊಲದ ತಲೆಯಲ್ಲಿಲ್ಲ, ಅಷ್ಟೇ. ಸರಿ, ಆ ಕೊಂಬು ಚೂಪೋ ಮೊಂಡೋ ಎಂದು ಯಾರಾದರೂ ಕೇಳಿದರೆ? ಸುಮಾರು ಸಾವಿರ ವರ್ಷದ ಹಿಂದೆ ಬೌದ್ಧರೊಡನೆ ವಾದಕ್ಕೆ ನಿಂತ ನೈಯಾಯಿಕ ಉದಯನ, ಅಂಥ ಕಡೆ ಬಾಯಿ ಮುಚ್ಚಿಕೊಂಡಿರುವುದೇ ಸರಿ ಎಂದ. ಮಧ್ವರ ಕಡೆಯವರು ಒಪ್ಪಲಿಲ್ಲ. ಹೊಳೆಯುವ ಚಿಪ್ಪನ್ನು ಬೆಳ್ಳಿ ಎಂದು ಭ್ರಮಿಸಿದಾಗ ಕಂಡ ಬೆಳ್ಳಿ ಎಲ್ಲೂ ಇಲ್ಲ, ಆದರೂ ಕಂಡಿತಲ್ಲ! ವಿಜಯನಗರದ ಕಾಲದಲ್ಲಿ ವ್ಯಾಸರಾಯರು ‘ತರ್ಕತಾಂಡವ’ ಬರೆದು ನೈಯಾಯಿಕರ ಮೇಲೆಯೇ ಏರಿಹೋದರು. ಪುರಂದರದಾಸರ ಗುರು ಎಂದು ಮುಂಬೈಯ ಭಜನಾ ಮಂಡಳಿಗಳಿಗೆಲ್ಲ ಅವರು ಗೊತ್ತು. ಅವರ ತರ್ಕ ಮಾತ್ರ ಯಾರಿಗೂ ಬೇಡ.

ಯುರೋಪಿನಲ್ಲಿ ಅರಿಸ್ಟಾಟಲನ ನಂತರ ತರ್ಕ ಕದಲಲೇ ಇಲ್ಲ ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ ನಂಬಿದ್ದ. 1781ರಲ್ಲಿ ಕಾಂಟ್, ‘ಇರುವುದು’ ಒಂದು ಗುಣವೇ ಅಲ್ಲ ಎಂದ. 1905ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ರಸೆಲ್ ‘ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು’ ಎಂಬ ವಾಕ್ಯ ಎತ್ತಿಕೊಂಡ. ಅಲ್ಲಿ ರಾಜನೇ ಇಲ್ಲ! ಅವನೂ ವಾಕ್ಯವನ್ನು ಬಿಡಿಸಿದ. ಮೊಲದ ಕೊಂಬಿನ ನೆಂಟನೇ ಅಲ್ವಾ ಇವನು?

ಆದರೂ ನೆಂಟರು ಭೇಟಿಯಾಗಲಿಲ್ಲ. 1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ಬಂತು. ತತ್ವಶಾಸ್ತ್ರದ ಪಾಠ ಇಂಗ್ಲಿಷಿನಲ್ಲಿ ನಡೆಯಿತು, ನ್ಯಾಯ ಸಂಸ್ಕೃತ ಪಂಡಿತರ ಪಾಲಿಗೆ ಉಳಿಯಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಪರೀಕ್ಷೆ ಮತ್ತು ನೌಕರಿ ಹಾಗೆ ಮಾಡಿಸಿದವು. ವಿಜಯಪುರ ಸೀಮೆಯ ಭೀಮಾಚಾರ್ಯ ಝಳಕೀಕರರ ‘ನ್ಯಾಯಕೋಶ’, ನ್ಯಾಯದ ಪದಗಳ ನಿಘಂಟು, 1928ರಲ್ಲಿ ಪುಣೆಯ ಭಂಡಾರಕರ್ ಸಂಸ್ಥೆಯಿಂದ ಮತ್ತೆ ಅಚ್ಚಾಯಿತು. ಅದನ್ನು ತೆರೆದವರು ಸಂಸ್ಕೃತದವರೇ ಜಾಸ್ತಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ವಶಾಸ್ತ್ರದ ಪಾಠ ಹೇಳಿದ ಜಮಖಂಡಿಯ ಗುರುದೇವ ರಾನಡೆ ಉಪನಿಷತ್ತು, ಸಂತರ ಕಡೆ ಒಲಿದರು. ‘ನಮ್ಮದು ಅನುಭವ’ ಅನ್ನುವವರಿಗೆ ಅದೇ ಬೇಕಾಗಿತ್ತು.

1983ರಲ್ಲಿ ಪುಣೆಯಲ್ಲಿ ಒಂದು ಅಪರೂಪದ ಸಭೆ ಸೇರಿತು. ತತ್ವಶಾಸ್ತ್ರದ ಪ್ರಾಧ್ಯಾಪಕರಾದ ದಯಾಕೃಷ್ಣ, ಮೇ.ಪುಂ. ರೇಗೆ ಮತ್ತಿತರರು ನ್ಯಾಯ ಪಂಡಿತರನ್ನೂ ಇಂಗ್ಲಿಷಿನಲ್ಲಿ ತತ್ವಶಾಸ್ತ್ರ ಓದಿದವರನ್ನೂ ಎದುರುಬದುರು ಕೂರಿಸಿದರು. ವಿಷಯ ಮೋಕ್ಷವಲ್ಲ, ಮಾಯೆಯೂ ಅಲ್ಲ. ರಸೆಲ್ ವಾಕ್ಯದ ಅರ್ಥದ ಬಗ್ಗೆ ಹೇಳಿದ್ದನ್ನು ಸಂಸ್ಕೃತಕ್ಕೆ ತಂದು ಪಂಡಿತರ ಮುಂದಿಟ್ಟರು. ವಾಕ್ಯ ಇದೆ, ಅದರಿಂದ ಹುಟ್ಟುವ ತಿಳಿವಳಿಕೆ ಇದೆ, ನಡುವೆ ಎರಡರಿಂದಲೂ ಬೇರೆಯಾದ ‘ಅರ್ಥ’ ಎಂಬ ಮೂರನೆಯದೊಂದು ಬೇಕೇ? ತಮ್ಮ ಹತ್ಯಾರುಗಳಿಂದಲೇ ಪಂಡಿತರು ಇದನ್ನು ಪರೀಕ್ಷೆ ಮಾಡಿದರು. ‘ಅನುಭವ’ದ ದೇಶದವರು ಎಂದು ಯಾರೂ ರಿಯಾಯಿತಿ ಕೇಳಲಿಲ್ಲ.

ಅಲ್ಲಿದ್ದ ಕಾಶಿಯ ನ್ಯಾಯ ಪಂಡಿತ ಬದರೀನಾಥ ಶುಕ್ಲರು ಮುಂದೆ ಇನ್ನೂ ದೂರ ಹೋದರು. ಮನುಷ್ಯನೆಂದರೆ ಏನು ಎಂಬುದಕ್ಕೆ ನ್ಯಾಯದ ಉತ್ತರದಲ್ಲಿ ದೇಹದಿಂದ ಬೇರೆಯಾದ ಆತ್ಮ ಇರಲೇಬೇಕು. ಅದಿಲ್ಲದೆ ದೇಹ, ಮನಸ್ಸು ಇಟ್ಟುಕೊಂಡೇ ನ್ಯಾಯದ ಲೆಕ್ಕ ಸರಿದೂಗಿಸಬಹುದೇ ಎಂದು ನೋಡಿ, ಬಹುದು ಎಂದು ವಾದಿಸಿದರು.