ಕ್ವೆಟ್ಜಾಲ್: ಆ ಉದ್ದನೆಯದು ಬಾಲ ಅಲ್ಲ

ಹಕ್ಕಿಯ ಹೊಟ್ಟೆ ಕೆಂಪಗಿದ್ದು ಹಿಂದೆ ಏನೋ ಉದ್ದಕ್ಕೆ ಇಳಿಬಿದ್ದಿದ್ದರೆ ಸಾಕು, ಫೋಟೊ ಕೆಳಗೆ 'ಕ್ವೆಟ್ಜಾಲ್' ಅಂತ ಬರೆದುಬಿಡುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಟ್ರೋಗನ್‌ಗೂ ಈ ಹೆಸರು ಅಂಟಿಸುತ್ತಾರೆ. ಎರಡೂ ಒಂದೇ ಕುಟುಂಬದವು, ನಿಜ. ಆದರೆ ನಮ್ಮ ಟ್ರೋಗನ್ ಗಂಡಿಗೆ ಕರಿ ತಲೆ, ಕಂದು ಬೆನ್ನು. ಕ್ವೆಟ್ಜಾಲ್‌ನ ಹಸಿರು ಇದರಲ್ಲಿ ಎಲ್ಲಿದೆ ಸ್ವಾಮಿ?

ಉದ್ದ ಗರಿಯ ಅಸಲಿ ಕ್ವೆಟ್ಜಾಲ್ ಇರುವುದು ದಕ್ಷಿಣ ಮೆಕ್ಸಿಕೊದಿಂದ ಪನಾಮದ ಪಶ್ಚಿಮದವರೆಗೆ, ಮಂಜು ಮುಸುಕಿದ ಬೆಟ್ಟದ ಕಾಡುಗಳಲ್ಲಿ. ಹೆಸರು ಬಂದಿದ್ದು ಮೆಕ್ಸಿಕೊವನ್ನು ಹಿಂದೆ ಆಳಿದ ಅಜ್ಟೆಕರ ನಾವಾಟ್ಲ್ ಭಾಷೆಯಿಂದ. 'ಕೆಟ್ಸಾ' ಅಂದರೆ ನೆಟ್ಟಗೆ ಎದ್ದು ನಿಲ್ಲುವುದು. ಅದರಿಂದ 'ಕೆಟ್ಸಲ್ಲಿ', ಅಂದರೆ ಈ ಹಕ್ಕಿಯ ಬೆಲೆಬಾಳುವ ಉದ್ದ ಗರಿ. ಹಕ್ಕಿಯನ್ನು ಹೇಳಬೇಕಾದರೆ 'ಕೆಟ್ಸಲ್‌ಟೊಟೊಟ್ಲ್' ಅನ್ನುತ್ತಿದ್ದರು; 'ಟೊಟೊಟ್ಲ್' ಅಂದರೆ ಹಕ್ಕಿ. ಹೆಸರು ಮೊದಲು ಗರಿಯದು, ಆಮೇಲೆ ಹಕ್ಕಿಯದು. ಗ್ವಾಟೆಮಾಲಾ 1925ರಲ್ಲಿ ತನ್ನ ಹಣಕ್ಕೂ ಇದೇ ಹೆಸರಿಟ್ಟಿತು.

ಇನ್ನು ಆ 'ಉದ್ದ ಬಾಲ'. ಅದು ಬಾಲವೇ ಅಲ್ಲ! ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಹೊದಿಕೆ ಗರಿಗಳು ಬೆಳೆದು ಬೆಳೆದು ಹಾಗೆ ಜೋತುಬೀಳುತ್ತವೆ. ನವಿಲು ಕುಣಿಯುವಾಗ ಬಿಚ್ಚುವುದೂ ಇಂಥ ಗರಿಗಳನ್ನೇ, ಬಾಲವನ್ನಲ್ಲ. ಕ್ವೆಟ್ಜಾಲ್‌ನ ನಿಜವಾದ ಬಾಲ ಗಿಡ್ಡ. ಕೆಳಗಿನಿಂದ ನೋಡಿದರೆ ಗಂಡಿನದು ಬಿಳಿ. ಉದ್ದ ಗರಿ ಉದುರಿದ ಕಾಲದಲ್ಲಿ ಈ ಬಿಳುಪನ್ನೇ ನೋಡಬೇಕು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿರುವ ಇನ್ನೊಂದು ಜಾತಿ, ಹೊಂದಲೆ ಕ್ವೆಟ್ಜಾಲ್‌ಗೆ ಬಾಲದ ಕೆಳಗೆ ಕಪ್ಪು, ಉದ್ದ ಗರಿಯೂ ಇಲ್ಲ.

ಬಣ್ಣ ನೋಡಿ ಹೇಳ್ತೀನಿ ಅನ್ನುವವರು ಸ್ವಲ್ಪ ತಡೆಯಿರಿ. ಆ ಹಸಿರು, ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗಿನ ಸೂಕ್ಷ್ಮ ಪದರಗಳಿಗೆ ಬೆಳಕು ತಾಗಿ ಹಾಗೆ ಕಾಣುತ್ತದೆ. ಕೋನ ಬದಲಾದರೆ ನೀಲಿ, ಒಮ್ಮೊಮ್ಮೆ ಹೊನ್ನಿನ ಛಾಯೆ. ಒಂದೇ ಹಕ್ಕಿಯ ಎರಡು ಫೋಟೊ ಇಟ್ಟುಕೊಂಡು 'ಇವು ಬೇರೆ ಬೇರೆ ಜಾತಿ' ಅಂತ ವಾದ ಮಾಡುವುದು ಇದಕ್ಕೇ. ಬಣ್ಣಕ್ಕಿಂತ ಗಂಡಿನ ತಲೆಯ ಮೇಲಿನ ಕುಚ್ಚು, ರೆಕ್ಕೆಯ ಮೇಲೆ ಬಿದ್ದಿರುವ ಚೂಪು ತುದಿಯ ಗರಿಗಳು ಜಾಸ್ತಿ ನಂಬಿಕಸ್ಥ.

ಹೆಣ್ಣಿನ ಫೋಟೊ ಯಾರೂ ಹಂಚುವುದಿಲ್ಲ, ಅಲ್ವಾ? ಇಳಿಬಿದ್ದ ಉದ್ದ ಗರಿ ಇಲ್ಲ, ಎದೆ ಬೂದು, ಕೆಂಪು ಬಣ್ಣ ಹೊಟ್ಟೆಯ ಕೆಳಭಾಗದಲ್ಲಷ್ಟೇ. ಗಂಡಿನ ಕೊಕ್ಕು ಹಳದಿ, ಇದರದು ಕಪ್ಪು. ಬಾಲದ ಕೆಳಗೆ ಕಪ್ಪು ಬಿಳಿ ಪಟ್ಟೆ. ಇದೂ ಕ್ವೆಟ್ಜಾಲೇ.