ಜೀವಕೋಶ ಎಷ್ಟು ಜೋರಾಗಿ ಎಳೆಯುತ್ತದೆ ಅಂತ ಅಳೆಯುವುದು ಹೇಗೆ?

ಪ್ರಶ್ನೆ: ಜೀವಕೋಶಗಳು ತಮ್ಮ ಸುತ್ತಲಿನ ವಸ್ತುವನ್ನು ಎಳೆಯುತ್ತವೆ, ತಳ್ಳುತ್ತವೆ ಅಂತ ಓದಿದೆ. ಮೈಕ್ರೋಸ್ಕೋಪಿನಲ್ಲಿ ಆಕಾರ ಕಾಣುತ್ತದೆ, ಸರಿ. ಬಲ ಕಾಣುವುದಿಲ್ಲ ಅಲ್ವಾ? ಮತ್ತೆ ಅಳೆಯುವುದು ಹೇಗೆ?

ಉತ್ತರ: ಹೌದು, ಬಲ ಕಾಣುವುದಿಲ್ಲ. ಸ್ಪ್ರಿಂಗ್ ತಕ್ಕಡಿಯಲ್ಲೂ ನಮ್ಮ ಕಣ್ಣಿಗೆ ಬೀಳುವುದು ಸ್ಪ್ರಿಂಗ್ ಎಷ್ಟು ಹಿಗ್ಗಿತು ಅನ್ನುವುದು ಮಾತ್ರ. ಸ್ಪ್ರಿಂಗ್ ಎಷ್ಟು ಗಡಸು ಅಂತ ಮೊದಲೇ ಗೊತ್ತಿರುವುದರಿಂದ ತೂಕ ಸಿಗುತ್ತದೆ. ಇಲ್ಲೂ ಹಾಗೇ. ಜೀವಕೋಶ ಹಿಡಿದುಕೊಂಡ ವಸ್ತು ಎಷ್ಟು ಸರಿಯಿತು ಅಂತ ನೋಡಬೇಕು, ಬಲವನ್ನು ಲೆಕ್ಕ ಹಾಕಬೇಕು.

ಗಾಜಿನ ಮೇಲೆ ಬೆಳೆಸಿದರೆ ಈ ಕೆಲಸ ಆಗದು. ಜೀವಕೋಶದ ಎಳೆತಕ್ಕೆ ಗಾಜು ಜಗ್ಗುವುದಿಲ್ಲ. 1980ರಲ್ಲಿ ಜೀವಶಾಸ್ತ್ರಜ್ಞ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ತೆಳ್ಳನೆಯ ಸಿಲಿಕೋನ್ ರಬ್ಬರ್ ಪೊರೆಯ ಮೇಲೆ ಜೀವಕೋಶಗಳನ್ನು ಬಿಟ್ಟರು. ಅವುಗಳ ಎಳೆತಕ್ಕೆ ಪೊರೆ ಸುಕ್ಕುಗಟ್ಟಿತು. ಎಳೆತ ಇದೆ ಅನ್ನುವುದು ಕಣ್ಣಾರೆ ಕಂಡಿತು. ಆದರೆ ಸುಕ್ಕಿನಿಂದ ಬಲದ ಲೆಕ್ಕ ತೆಗೆಯುವುದು ತುಂಬಾ ಕಷ್ಟ.

ಈಗ ಜಾಸ್ತಿ ಬಳಕೆಯಲ್ಲಿರುವ ವಿಧಾನದ ಹೆಸರು ಟ್ರಾಕ್ಷನ್ ಫೋರ್ಸ್ ಮೈಕ್ರೋಸ್ಕೋಪಿ. ಪಾಲಿಅಕ್ರಿಲಮೈಡ್ ಎಂಬ ಮೆತ್ತನೆಯ ಜೆಲ್ ತಯಾರಿಸಿ, ಅದರೊಳಗೆ ಹೊಳೆಯುವ ಪುಟ್ಟ ಮಣಿಗಳನ್ನು ಸೇರಿಸುತ್ತಾರೆ. ಮಣಿಯ ಅಗಲ ಒಂದು ಮೈಕ್ರೋಮೀಟರಿಗಿಂತಲೂ ಕಡಿಮೆ. ಜೀವಕೋಶ ಅಂಟಿಕೊಳ್ಳಲು ಜೆಲ್ ಮೇಲೆ ಕೊಲಾಜೆನ್‌ನಂಥ ಪ್ರೋಟೀನ್ ಬಳಿಯುತ್ತಾರೆ. ಜೀವಕೋಶ ಅಂಟಿಕೊಂಡು ಎಳೆಯುತ್ತಿರುವಾಗ ಮಣಿಗಳ ಒಂದು ಚಿತ್ರ. ಆಮೇಲೆ ಟ್ರಿಪ್ಸಿನ್ ಎಂಬ, ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿ ಜೀವಕೋಶವನ್ನು ಬಿಡಿಸುತ್ತಾರೆ. ಜೆಲ್ ಮೊದಲಿನ ಸ್ಥಿತಿಗೆ ಮರಳುತ್ತದೆ. ಆಗ ಇನ್ನೊಂದು ಚಿತ್ರ. ಎರಡನ್ನೂ ಹೋಲಿಸಿದರೆ ಯಾವ ಮಣಿ ಯಾವ ಕಡೆಗೆ ಎಷ್ಟು ಸರಿದಿತ್ತು ಅಂತ ಗೊತ್ತಾಗುತ್ತದೆ.

ಈ ಎರಡನೇ ಚಿತ್ರದ ಮೇಲೇ ಎಲ್ಲವೂ ನಿಂತಿದೆ. ನಡುವೆ ಮೈಕ್ರೋಸ್ಕೋಪಿನ ವೇದಿಕೆ ಒಂದು ಕೂದಲೆಳೆಯಷ್ಟು ಕದಲಿದರೂ ಸುಳ್ಳು ಬಲ ಹುಟ್ಟಿಕೊಳ್ಳುತ್ತದೆ. ಅದಕ್ಕೇ ಜೀವಕೋಶದಿಂದ ದೂರ ಇರುವ ಮಣಿಗಳನ್ನೂ ನೋಡಬೇಕು. ಅವೆಲ್ಲ ಒಂದೇ ಕಡೆಗೆ ಸರಿದಿದ್ದರೆ ಕದಲಿದ್ದು ವೇದಿಕೆ. ಅಷ್ಟನ್ನು ಲೆಕ್ಕದಿಂದ ಕಳೆಯಬೇಕು.

ಮುಂದಿನದು ಗಣಿತ, ಎಡವುವುದೂ ಇಲ್ಲೇ. ಜೆಲ್ ಒಂದೇ ತುಂಡು. ಒಂದು ಕಡೆ ಎಳೆದರೆ ಪಕ್ಕದ ಮಣಿಗಳೂ ಸರಿಯುತ್ತವೆ. ಸರಿದದ್ದನ್ನು ನೋಡಿ ಎಳೆದದ್ದು ಎಲ್ಲಿಂದ ಅಂತ ಹಿಂದಕ್ಕೆ ಹೋಗಿ ಹುಡುಕಬೇಕು. ಈ ಲೆಕ್ಕದಲ್ಲಿ ಅಳತೆಯ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಅದನ್ನು ತಡೆಯಲು ಉತ್ತರದ ಏರಿಳಿತ ತಗ್ಗಿಸಿ ಸ್ವಲ್ಪ ನಯಗೊಳಿಸುತ್ತಾರೆ. ನಯ ಜಾಸ್ತಿಯಾದರೆ ನಿಜವಾದ ಬಲವೂ ಕುಗ್ಗಿ ಕಾಣುತ್ತದೆ. ಹಾಗಾಗಿ ಕೊನೆಗೆ ತೋರಿಸುವ ಕೆಂಪು-ನೀಲಿ ಬಣ್ಣದ ಬಲದ ನಕ್ಷೆಯನ್ನು ಸುಮ್ನೆ ಫೋಟೋ ಅಂತ ನಂಬಬೇಡಿ. ಅದು ಲೆಕ್ಕದ ಫಲ. ಜೆಲ್ ಎಷ್ಟು ಗಡಸು ಅನ್ನುವುದನ್ನು ನಕ್ಷೆ ಮಾಡಿದವರೇ ಅಳೆದರಾ, ಇಲ್ಲ ಬೇರೆಯವರ ಪಟ್ಟಿಯಿಂದ ತೆಗೆದುಕೊಂಡರಾ? ನಾನು ಮೊದಲು ಹುಡುಕುವುದು ಅದನ್ನೇ. ಅದು ದುಪ್ಪಟ್ಟು ತಪ್ಪಾದರೆ ಬಲವೂ ದುಪ್ಪಟ್ಟು ತಪ್ಪು.

ಜೆಲ್ ಬದಲು ರಬ್ಬರಿನ ಸೂಕ್ಷ್ಮ ಕಂಬಗಳ ಸಾಲನ್ನು ಬಳಸುವುದೂ ಉಂಟು. ಪ್ರತಿ ಕಂಬ ಬೇರೆಬೇರೆಯಾಗಿ ಬಾಗುವುದರಿಂದ ಲೆಕ್ಕ ಸುಲಭ. ಬಲ ಸಾಮಾನ್ಯವಾಗಿ ನ್ಯಾನೋನ್ಯೂಟನ್‌ಗಳಲ್ಲಿ, ಅಂದರೆ ಬಲದ ಅಳತೆಯಾದ ನ್ಯೂಟನ್ನಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ, ಬರುತ್ತದೆ. ಆದರೆ ಕಂಬದ ತುದಿಗಳ ಮೇಲಷ್ಟೇ ನಿಲ್ಲಬೇಕಾದ ಜೀವಕೋಶ, ಸಮತಟ್ಟಾದ ಜಾಗದಲ್ಲಿ ಇದ್ದಂತೆ ಇರುವುದಿಲ್ಲ.

ದೇಹದೊಳಗೆ ಎಷ್ಟೋ ಜೀವಕೋಶಗಳ ಸುತ್ತ, ಎಲ್ಲ ಕಡೆಯೂ ನಾರುಗಳಿವೆ. ಅದನ್ನು ಹೋಲುವಂತೆ ಕೊಲಾಜೆನ್ ಜೆಲ್ ಒಳಗೇ ಜೀವಕೋಶ ಇಟ್ಟು, ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಪದರ ಪದರವಾಗಿ ಚಿತ್ರ ತೆಗೆಯುತ್ತಾರೆ. ನನಗೆ ತುಂಬಾ ಇಷ್ಟವಾದ ಭಾಗ ಇದು, ಅತಿ ಕಷ್ಟದ್ದೂ ಇದೇ. ಎಳೆದಷ್ಟೂ ಕೊಲಾಜೆನ್ ನಾರು ಬಿಗಿಯಾಗುತ್ತದೆ, ಎಳೆದ ಕಡೆಗೆ ಸಾಲಾಗುತ್ತದೆ. ಜೀವಕೋಶ ಕಿಣ್ವ ಬಿಟ್ಟು ಹಳೆಯ ನಾರನ್ನು ಕತ್ತರಿಸುತ್ತದೆ, ಹೊಸದನ್ನು ಸೇರಿಸುತ್ತದೆ. ಅಂದರೆ ಅಳತೆ ಮಾಡುತ್ತಿರುವಾಗಲೇ ತಕ್ಕಡಿಯ ಸ್ಪ್ರಿಂಗ್ ಬದಲಾಗುತ್ತಿರುತ್ತದೆ. ಎಳೆತ ನಿಂತ ಮೇಲೂ ನಾರುಗಳು ಪೂರ್ತಿ ಹಿಂದಕ್ಕೆ ಬರದೇ ಇರಬಹುದು. ಇಂಥ ಕಡೆ ಬಲದ ಅಂಕಿ ಕೊಡದೆ, ನಾರು ಎಷ್ಟು ಸರಿಯಿತು ಅನ್ನುವುದನ್ನಷ್ಟೇ ಹೇಳಿ ನಿಲ್ಲಿಸುವವರಿದ್ದಾರೆ. ಅವರ ಅಳತೆಯನ್ನು ನಾನು ಹೆಚ್ಚು ನಂಬುತ್ತೇನೆ.